ಹರಗೋಲು ಹತ್ತಿದ ಅಜ್ಜ-ಅಜ್ಜೇರು

ಕಾಲೇಜು ಬಿಟ್ಟು, ಖರೇ ಕೆಲಸ ಸಿಗೋತನಕ ಅಂತ ಹಂಪಿಯಾಗ ಟೂರಿನವ್ರಿಗೆ ದಾರಿ ತೋರ್ಸಕೋತ ತಿರಗತಿದ್ದೆ. ಆದ್ರ ನನ್ನ ಜೀವ ಎಲ್ಲಾ ಸಂಡೂರಿನ ಗಣಿ ಮ್ಯಾಲೆ. ಗೆಳೆಯರೆಲ್ಲ ಅಲ್ಲಿ ಲಾರಿ ಲೋಡ್ ಮಾಡ್ಸೋ ಕೆಲಸಕ್ಕ ಸೇರಿ ಹೊಸ ಬೈಕಿನ್ಯಾಗ ಮೆರೀತಿದ್ರು. ಒಂದಿನ ಗಣಿಯವ್ರು ನನಗೂ ಇವತ್ತು ಸಂಜೀಕ ಬಾ, ತಪ್ಪಿದ್ರ ಬ್ಯಾರೇವ್ರನ್ನ ತಗೋತೀವಿ ಅಂದಿದ್ರು.

ಅವತ್ತೇ ಗಂಟುಬಿದ್ರು ನೋಡ್ರಿ, ದಾವಣಗೆರೆ ಕಡೆಯ ಆರು ಮಂದಿ ಅಜ್ಜ-ಅಜ್ಜೇರು. ಹೊಳಿಯಾಗ ಹರಗೋಲಿನ್ಯಾಗ ಒಂದು ಸುತ್ತು ಬೇಕಂತ.

"ಎರಡು ಸಲ ಮಾಡೋಣು, ಆರಾಮ್ ಕಾಲು ಚಾಚಿ ಕುಂದರ್ಲಿ," ಅಂದ ಅಂಬಿಗ ಮಾವ.

"ಬ್ಯಾಡ ಮಾವ, ಒಂದೇ ಸಲಕ್ಕ ಮುಗ್ಸು," ಅಂದು ಎಲ್ಲಾರ್ನೂ ಒತ್ತೊತ್ತಿ, ಕಾಲು ಮಡಚ್ಸಿ ಕುಂದ್ರಿಸ್ದೆ.

ಸುತ್ತು ಮಸ್ತಾತು. ದಂಡಿಗೆ ಬಂದ್ವಿ. ಒಬ್ರೂ ಏಳವಲ್ರು.

"ಏಳ್ರಿ ಅಜ್ಜಿ, ಜಲ್ದಿ!"

"ಮೊಣಕಾಲು ಹಿಡಕೊಂಡಾವೋ ತಮ್ಮಾ. ಮಡಚಿಸ್ದವ ನೀನು, ಬಿಡಿಸಾವನೂ ನೀನೇ," ಅಂದ್ಳು ಮುಂದ ಕುಂತಿದ್ದ ಅಜ್ಜಿ.

ಮಾವ ಬೀಡಿ ಹಚ್ಚಿ ನಗಾಕತ್ತಿದ. ನಾನು ನೀರಾಗ ನಿಂತು ಒಬ್ಬೊಬ್ರ ಕಾಲೂ ನೀವಿ, ರಟ್ಟಿ ಹಿಡಿದು ಎಬ್ಬಿಸೋದ್ರಾಗ ಸಂಡೂರಿಗೆ ಹೋಗಾಕ ಹಿಡೀಬೇಕಿದ್ದ ಹೊಸಪೇಟೆ ಬಸ್ಸೂ ಹೋತು, ಗಣಿ ಕೆಲಸಾನೂ ಹೋತು. ಕಡೀಗೆ ಉಳಿದಾಕಿ ಆ ಮುಂದಿನ ಅಜ್ಜಿನೇ.

"ನಿನ್ನ ಕೈಗುಣ ಭಾಳ ಚಲೋ ಐತಿ," ಅಂದು ಎಡಗಾಲು ತಿಕ್ಕಿಸ್ಕೊಂಡು, ಬಲಗಾಲನ್ನೂ ಮುಂದಿಟ್ಳು.

ವಯಸ್ಸಾದವ್ರಿಗೆ ನನ್ನದೊಂದು ಮಾತು: ಹರಗೋಲು ಹತ್ತಾಕ ಧೈರ್ಯ ಸಾಕು. ಇಳಿಯಾಕ ಮಾತ್ರ ಜೊತೀಗೊಬ್ಬ ನಿರುದ್ಯೋಗಿ ಇರ್ಬೇಕು.