ಎರಡನೆಯ ಸ್ಥಾನದ ಚೀಟಿ

ನಾಗೇಂದ್ರಣ್ಣ, ಆ ಚೀಟಿಯನ್ನು ದೇವರು ಆರಿಸಲಿಲ್ಲ. ನಾನು ಆರಿಸಿದೆ. ನಿಮ್ಮ ಕಾರ್ಡಿನಲ್ಲಿ ಆ ಶಾಸಕನ ಹೆಸರಿನ ಮುಂದೆ ‘ಎರಡು’ ಎಂದು ಬರೆದವನು ನಾನು — ಬರೆದು, ದೇವರ ಹೆಸರು ಹೇಳಿದೆ.

ನೀವು ಈ ಪರದೇಶದಲ್ಲಿ, ನಮ್ಮ ಬಡಾವಣೆ ಕ್ಯಾನಿಂಗ್ ವೇಲ್‌ನಿಂದ, ರಾಜ್ಯ ಚುನಾವಣೆಗೆ ಪಕ್ಷೇತರರಾಗಿ ನಿಂತಾಗ ನಿಮಗಿದ್ದ ಬೇಡಿಕೆ ಒಂದೇ: ಶಾಲೆಯ ಎದುರಿನ ರಸ್ತೆಗೊಂದು ಸಿಗ್ನಲ್. ಸಿಕ್ಕವರಿಗೆಲ್ಲ ನೀವು ಹೇಳುತ್ತಿದ್ದುದು, ನಾನು ಯಾರ ಕಡೆಯವನೂ ಅಲ್ಲ ಎಂದು. ಆದರೆ ಇಲ್ಲಿನ ಮತಪತ್ರ ಅಂಥವನನ್ನು ಸುಮ್ಮನೆ ಬಿಡುವುದಿಲ್ಲ. ನಿಮಗೊಂದು ಅಂಕಿ ಹಾಕಿ ಉಳಿದವರನ್ನು ಖಾಲಿ ಬಿಟ್ಟರೆ ಮತ ಕೆಟ್ಟಿತು. ನಿಂತವರೆಲ್ಲರಿಗೂ ಒಂದು, ಎರಡು, ಮೂರು ಎಂದು ಬರೆಯಬೇಕು. ಅದಕ್ಕೇ ಪ್ರತಿ ಅಭ್ಯರ್ಥಿಯೂ ‘ಹೀಗೆ ಬರೆಯಿರಿ’ ಎಂಬ ಕಾರ್ಡು ಹಂಚುತ್ತಾನೆ. ಒಂದು ಅವನೇ. ಎರಡು ಯಾರೆಂದು ನೋಡಿ ಜನ ಅವನ ಒಳಮನಸ್ಸನ್ನು ಅಳೆಯುತ್ತಾರೆ.

ನೀವು ಕಂಡುಕೊಂಡ ಉಪಾಯ ದೇವರ ಮುಂದೆ ಚೀಟಿ. ಉಳಿದ ನಾಲ್ವರ ಹೆಸರು ಬರೆದು ಮಡಿಸುವುದು, ಬಂದ ಕ್ರಮದಲ್ಲೇ ಅಂಕಿ ಹಾಕುವುದು. ಆದರೆ ನಿಮ್ಮದು ಗಣಿಯ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಮನೆ. ಅಭ್ಯರ್ಥಿಗಳ ಪಟ್ಟಿ ಬರುವ ದಿನ ನೀವು ಊರಲ್ಲಿರುವುದಿಲ್ಲ. ವಿಮಾನ ಹತ್ತುವ ಮುಂಚೆ ಫೋನ್ ಮಾಡಿದಿರಿ.

“ನೀನೇ ಎತ್ತಪ್ಪ ಸುಧೀ. ಕಣ್ ಮುಚ್ಕೊಂಡು ಎತ್ತು. ಯಾರ್ ಬಂದ್ರೂ ಸರಿ, ನನ್ನ ಕೇಳ್ಬೇಡ, ಪ್ರಿಂಟಿಗೆ ಕಳಿಸ್ಬಿಡು.”

ಎತ್ತಿದೆ. ನಮ್ಮ ಪ್ಯಾಂಟ್ರಿಯ ಮೇಲಿನ ಹಲಗೆಯೇ ದೇವರಮನೆ. ಕೆಳಗೆ ಅಕ್ಕಿಚೀಲ, ಮೇಲೆ ಗಣಪತಿ. ಸ್ನಾನ ಮಾಡಿ, ದೀಪ ಹಚ್ಚಿ, ಕಾಫಿ ಲೋಟದಿಂದ ಒಂದೊಂದೇ ಚೀಟಿ ತೆಗೆದೆ. ಆಗಿನ ಶಾಸಕ ಕೊನೆಗೆ ಬಂದ.

ಅದು ನನಗೆ ಸರಿಬೀಳಲಿಲ್ಲ. ಆ ಶಾಸಕ ನಮ್ಮ ದೀಪಾವಳಿಗೆ ಬಂದಿದ್ದಾಗ ನಾನು ಕರಿದ ಕೋಡುಬಳೆಯನ್ನು ಕೇಳಿ ಕೇಳಿ ಎರಡು ಸಲ ಹಾಕಿಸಿಕೊಂಡಿದ್ದ. ಇಷ್ಟು ವರ್ಷದಲ್ಲಿ ಬೇರೆ ಯಾರೂ ಎರಡನೆಯ ಸಲ ಕೇಳಿಲ್ಲ — ನೀವೂ ಕೇಳಿಲ್ಲ. ಅವನ ಪಕ್ಷದ ಪ್ರಣಾಳಿಕೆ ನಾನು ಓದಿರಲಿಲ್ಲ. ಇವತ್ತಿಗೂ ಓದಿಲ್ಲ.

ಚೀಟಿ ಸರಿಯಾಗಿ ಕಲಕಿರಲಿಲ್ಲವೇನೋ ಎಂದು ಇನ್ನೊಮ್ಮೆ ಎತ್ತಿದೆ. ಮತ್ತೆ ಕೊನೆಗೆ ಬಂದ — ಎಂದು ಈಗ ಇಲ್ಲಿ ಬರೆದೆ, ಆದರೆ ಮೂರನೆಯವನಾಗಿ ಬಂದಿದ್ದರೂ ಬಂದಿರಬಹುದು. ನೆನಪು ಕಥೆಯನ್ನು ಚೆಂದ ಮಾಡಲು ಹೋಗುತ್ತದೆ, ಅದನ್ನು ನಂಬಬೇಡಿ. ಖಚಿತವಾಗಿ ಗೊತ್ತಿರುವುದು ಇಷ್ಟು: ಲ್ಯಾಪ್‌ಟಾಪ್ ತೆರೆದು ಆ ಅಂಕಿ ಒತ್ತುವಾಗ ನಾನು ಪ್ಯಾಂಟ್ರಿಯ ಬಾಗಿಲು ಹಾಕಿ ಬಂದಿದ್ದೆ.

ಮತದಾನಕ್ಕೆ ಮುಂಚಿನ ಭಾನುವಾರ, ಕನ್ನಡದವರ ತಿಂಗಳ ಊಟ. ಮೈಸೂರಿನಲ್ಲಿ ಟೀಚರ್ ಆಗಿದ್ದ ಸುಮಿತ್ರಾ ಆಂಟಿ ನಿಮ್ಮ ಕಾರ್ಡನ್ನು ಉತ್ತರ ಪತ್ರಿಕೆಯಂತೆ ದೂರ ಹಿಡಿದು ನೋಡಿದರು.

“ಯಾರ್ ಕಡೆಯವನೂ ಅಲ್ಲ ಅಂತೀಯ ನಾಗೇಂದ್ರ. ಮತ್ತೆ ಎರಡ್ನೇದು ಇವನಿಗ್ಯಾಕೆ?”

“ನಾನ್ ಕೊಟ್ಟಿದ್ದಲ್ಲ ಆಂಟಿ. ದೇವ್ರ ಮುಂದೆ ಚೀಟಿ ಎತ್ತಿದ್ದು.”

“ಓಹೋ. ದೇವ್ರು ಆ ಪಾರ್ಟಿಗೆ ಯಾವಾಗ ಸೇರ್ದ?”

ಹಾಲ್‌ಗೆ ಹಾಲೇ ನಕ್ಕಿತು. ನೀವು ನನ್ನ ಕಡೆ ಕೈ ತೋರಿಸಿದಿರಿ. “ಸುಧೀನೇ ಎತ್ತಿದ್ದು. ಅವನನ್ನೇ ಕೇಳಿ.”

“ಹೌದು ಆಂಟಿ, ಕಣ್ ಮುಚ್ಕೊಂಡೇ ಎತ್ತಿದ್ದು,” ಎಂದೆ. ಎತ್ತಿದ್ದು ಕಣ್ಣು ಮುಚ್ಚಿಯೇ — ಆ ಒಂದು ಸತ್ಯವನ್ನು ಹಿಡಿದುಕೊಂಡು ಬಿಸಿಬೇಳೆಬಾತಿನ ಸಾಲಿಗೆ ಹೋಗಿ ನಿಂತೆ.

ನೀವು ಸೋತಿರಿ. ಅದು ನಿಮಗೂ ಗೊತ್ತಿದ್ದದ್ದೇ. ನಮ್ಮವರೇ ನಿಮ್ಮ ಮಾತು ನಂಬಲಿಲ್ಲ ಎಂಬುದು ಮಾತ್ರ ನಿಮ್ಮನ್ನು ಬಿಡಲಿಲ್ಲ. ಒಂದು ತಿಂಗಳ ಮೇಲೆ ನಮ್ಮ ಅಡುಗೆಮನೆಯಲ್ಲಿ ನಿಂತು, ಪ್ಯಾಂಟ್ರಿಯ ಕಡೆ ನೋಡುತ್ತ ಹೇಳಿದಿರಿ:

“ನಾಲ್ಕರಲ್ಲಿ ಅವನೇ ಮೊದ್ಲು ಬಂದ ಅಂದ್ರೆ ಏನೋ ಇರ್ಬೇಕು ಕಣೋ. ದೇವ್ರೇ ದಾರಿ ತೋರಿಸ್ತಿದಾನೇನೋ.”

ಆಗ ಬಾಯಿ ಬಿಡಬೇಕಿತ್ತು. ಇನ್ನೊಂದು ಲೋಟ ಕಾಫಿ ಕೊಟ್ಟೆ. ನೀವು ಆ ಪಕ್ಷ ಸೇರಿದಿರಿ.

ಮುಂದಿನ ಚುನಾವಣೆಯಲ್ಲಿ ಮತಗಟ್ಟೆಯಾಗಿದ್ದ ಶಾಲೆಯ ಗೇಟಿನ ಬಳಿ, ಮತ ಹಾಕಲು ಬಂದವರಿಗೆ ಮಾರಲೆಂದು ಸಾಸೇಜು ಸುಡುವ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಪಕ್ಷದ ಟೀ ಶರ್ಟ್ ತೊಟ್ಟು ನೀವು ಅವರ ಕಾರ್ಡು ಹಂಚುತ್ತಿದ್ದಿರಿ. “ನಾನ್ ಅವತ್ತೇ ಹೇಳ್ಲಿಲ್ವ?” ಎಂದರು ಸುಮಿತ್ರಾ ಆಂಟಿ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ ಎಂದು ನೆನಪು — ಆಡಿಸಿಲ್ಲದಿದ್ದರೆ ಒಳ್ಳೆಯದಿತ್ತು.

ರಸ್ತೆಗೆ ಇನ್ನೂ ಸಿಗ್ನಲ್ ಬಂದಿಲ್ಲ. ಮೊನ್ನೆ ಪಕ್ಷದ ಸಭೆಯಲ್ಲಿ ನೀವು ಅದನ್ನು ಎತ್ತಿದಾಗ ಈ ಸಲಕ್ಕೆ ಬೇಡ ಎಂದರಂತೆ, ನೀವು ಸುಮ್ಮನಾದಿರಂತೆ. “ದೇವ್ರು ಕೂರಿಸಿದ ಜಾಗ, ಜಗಳ ಆಡೋಕಾಗುತ್ತ?” ಎಂದು ನನ್ನನ್ನೇ ಕೇಳಿದಿರಿ.

ಆಡಿ ನಾಗೇಂದ್ರಣ್ಣ. ಅಲ್ಲಿ ನಿಮ್ಮನ್ನು ಯಾವ ದೇವರೂ ಕೂರಿಸಿಲ್ಲ.

ಈ ಕಾಗದ ಮೊದಲು ನಿಮಗೆ. ಭಾನುವಾರದ ಊಟದಲ್ಲಿ, ಬಡಿಸುವ ಮುಂಚೆ, ಸುಮಿತ್ರಾ ಆಂಟಿಯನ್ನು ಮುಂದೆ ಕೂರಿಸಿ, ಎಲ್ಲರಿಗೂ ಕೇಳುವಂತೆ ಓದುತ್ತೇನೆ. ಆಮೇಲೆ ನೀವು ನನ್ನ ಜೊತೆ ಊಟಕ್ಕೆ ಕೂರದಿದ್ದರೆ, ಅದು ಸರಿಯೇ.

ಕೋಡುಬಳೆ ತರುವುದಿಲ್ಲ.