ಚಿಕ್ಕಪ್ಪ ಮಾಡಿದ ತಂಬುಳಿ

ಬಾಗಿಲು ತೆರೆಯುವ ಮೊದಲೇ ವಾಸನೆ ಒಳಗೆ ಬಂದಿತ್ತು. ಕೆರೆಯ ಕೆಸರಿನ ವಾಸನೆ. ಬೇರೆಯವರಾದರೆ ಚರಂಡಿ ಕಟ್ಟಿತೇ ಎಂದು ನೋಡುತ್ತಿದ್ದರು. ನನಗೆ ಅದು ಹೊಟ್ಟೆಪಾಡಿನ ವಾಸನೆ. ಹೊರಗೆ ಅಪರಿಚಿತರೊಬ್ಬರು ನಿಂತಿದ್ದರು, ಕೈಯಲ್ಲಿ ನೀರು ತೊಟ್ಟಿಕ್ಕುವ ಪ್ಲಾಸ್ಟಿಕ್ ಚೀಲ.

"ಕಲ್ಯಾಣಪುರದಿಂದ ಬಂದದ್ದು ಮೇಡಂ. ಹೆಂಡತಿಗೆ ಕಿಡ್ನಿ ಫೈಲ್ಯೂರ್. ಮಣಿಪಾಲದಲ್ಲಿ ಡಯಾಲಿಸಿಸ್ ಮಾಡಿಸ್ತಾ ಇದ್ದೇವೆ. ಇದು ಆ ಗಿಡವೇ ಅಲ್ವಾ?"

ಆ ಗಿಡವೇ. ಅವರನ್ನು ಕೂರಿಸಿ, ಚೀಲಕ್ಕೊಂದು ಬಕೆಟ್ ಕೊಟ್ಟು, ಚಹಾ ಇಡಲು ಒಳಗೆ ಹೋದೆ. ನೀರು ಕುದಿಯುವಷ್ಟರಲ್ಲಿ ನಿಮಗೆ ನನ್ನ ಚಿಕ್ಕಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಮುಗಿಯದಿದ್ದರೆ ಚಹಾ ಸ್ವಲ್ಪ ಕಡುವಾಗುತ್ತದೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಮಣಿಪಾಲದ ಲ್ಯಾಬೊಂದರಲ್ಲಿ ಸಂಶೋಧನೆಗೆ ಸೇರಿದ್ದೆ. ಕೆರೆಯ ಗಿಡಗಳ ಸಾರ ತೆಗೆದು, ಪೆಟ್ಟು ತಿಂದ ಕಿಡ್ನಿಯ ಜೀವಕೋಶಗಳಿಗೆ ಅದರಿಂದ ಏನಾದರೂ ಉಪಕಾರವಿದೆಯೇ ಎಂದು ಗಾಜಿನ ತಟ್ಟೆಯಲ್ಲಿ ನೋಡುವ ಕೆಲಸ. ಗಿಡ ತರುತ್ತಿದ್ದುದು ಕಾರ್ಕಳದ ಕೆರೆಯಿಂದ. ನೀರಿನ ಮೇಲೆ ದುಂಡಗಿನ ಎಲೆ ಹರಡಿ ಕೂರುವ ಜಾತಿ. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆ ಕೆರೆ ಬೋಳಾಗುತ್ತದೆ. ನಾನು ಸೊಂಟದವರೆಗೆ ಇಳಿದು ಜಾರುವುದನ್ನು ದಡದ ಹೆಂಗಸರು ನೋಡಿ "ಪೂಜೆಗಾ?" ಎಂದು ಕೇಳುತ್ತಿದ್ದರು. "ರಿಸರ್ಚಿಗೆ" ಎಂದರೆ ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಿದ್ದರು. ಬಸ್ಸಿನ ಕಂಡಕ್ಟರನಂತೂ ನನ್ನ ಚೀಲ ಕಂಡ ಕೂಡಲೇ ಹಿಂದಿನ ಸೀಟಿಗೆ ಕೈ ತೋರಿಸುತ್ತಿದ್ದ.

ನಮ್ಮ ಕುಟುಂಬದಲ್ಲಿ ಸುದ್ದಿ ಬೆಳೆಯುವುದು ಊಟದ ಪಂಕ್ತಿಯಲ್ಲಿ. ಉಚ್ಚಿಲದಲ್ಲಿ ಒಂದು ಮದುವೆ. ಕೋಸಂಬರಿ ಬಡಿಸುವಾಗ "ಇವಳು ಕಿಡ್ನಿಗೆ ಗಿಡ ಹುಡುಕುವವಳು" ಎಂದಿದ್ದ ಸೋದರಮಾವ, ಸಾರು ಬರುವಾಗ "ಗಿಡ ಸಿಕ್ಕಿದೆಯಂತೆ" ಎಂದರು. ಪಾಯಸದ ಹೊತ್ತಿಗೆ ನಾನು ಮದ್ದು ಕಂಡುಹಿಡಿದಾಗಿತ್ತು. ಕೈ ತೊಳೆಯುವಲ್ಲಿ ಯಾರೋ ಅದನ್ನು ಊಟದ ಮೊದಲು ಕುಡಿಯುವುದೋ ಆಮೇಲೋ ಎಂದು ವಿಚಾರಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಕ್ಕದ ಎಲೆಯಲ್ಲಿ ಕೂತಿದ್ದ ಕಾಪುವಿನ ಚಿಕ್ಕಪ್ಪ ಮಾತ್ರ ನಗಲಿಲ್ಲ. ಅವರ ಹೆಂಡತಿಯ, ಅಂದರೆ ನನ್ನ ಅಮ್ಮನ ತಂಗಿಯ, ಎರಡೂ ಕಿಡ್ನಿ ನಿಂತುಹೋಗಿದ್ದವು.

ಚಿಕ್ಕಮ್ಮ ಮನೆಯ ಜಗಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ದಿನ ಬಿಟ್ಟು ದಿನ ಡಯಾಲಿಸಿಸ್ ಇದ್ದರೂ ಕ್ಲಾಸು ಬಿಡಲಿಲ್ಲ. "ಅಲ್ಲಿ ಅವರು ನನಗೆ ಸೂಜಿ ಹಾಕ್ತಾರೆ, ಇಲ್ಲಿ ನಾನು ಬಟ್ಟೆಗೆ ಹಾಕ್ತೇನೆ" ಎನ್ನುತ್ತಿದ್ದರು. ಕುಡಿಯುವ ನೀರಿಗೂ ಅಳತೆ. ಕಾಪುವಿನ ಸೆಕೆಯಲ್ಲಿ ಅಳತೆಯ ನೀರು ಕುಡಿದು ದಿನ ದೂಡುವುದು ತಮಾಷೆಯಲ್ಲ. ಸಾಲದ್ದಕ್ಕೆ ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಬೊಂಡ, ಅಂದರೆ ಎಳನೀರಿನ ಕಾಯಿ, ತರುತ್ತಾರೆ. ಎಳನೀರಿನ ಪೊಟ್ಯಾಶಿಯಂ ಕಿಡ್ನಿ ಕೆಟ್ಟವರ ಹೃದಯವನ್ನೇ ನಿಲ್ಲಿಸೀತು ಎಂದರೆ ಯಾರು ನಂಬುತ್ತಾರೆ? ಕೆಮ್ಮಣ್ಣು ಊರಿನ ನೆಂಟರು ಗೊನೆಯನ್ನೇ ತಂದು ಇಳಿಸಿದ್ದರು. ಚಿಕ್ಕಮ್ಮ ಅದನ್ನೆಲ್ಲ ಹೊಲಿಗೆಯ ಹುಡುಗಿಯರಿಗೆ ಕುಡಿಸಿ, ತಾವು ನೋಡುತ್ತಾ ಕೂತರು.

ಮದುವೆ ಕಳೆದ ವಾರವೇ ಅವರ ಫೋನು ಬಂತು. "ಒಮ್ಮೆ ಬಾ. ನಿನ್ನ ಚಿಕ್ಕಪ್ಪ ಅಡುಗೆ ಮಾಡಿದ್ದಾರೆ."

ನಾನು ಗಾಬರಿಯಾದೆ. ಗಲ್ಫಿನಲ್ಲಿ ಅಷ್ಟು ವರ್ಷ ದುಡಿದು ಬಂದ ಚಿಕ್ಕಪ್ಪನಿಗೆ ಸ್ಟವ್ ಹೊತ್ತಿಸಲು ಬರುತ್ತದೆಂದೇ ಯಾರಿಗೂ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಹೊಲಿಗೆಯ ಮೇಜಿನ ಮೇಲೆ ಮುಚ್ಚಿಟ್ಟ ಒಂದು ಬಟ್ಟಲು. ಅವರು ಕಾರ್ಕಳಕ್ಕೆ ಹೋಗಿ, ಮಣಿಪಾಲದ ಹುಡುಗಿ ಕೊಯ್ಯುವ ಗಿಡ ಯಾವುದೆಂದು ದಡದ ಹೆಂಗಸರನ್ನೇ ಕೇಳಿ, ಪ್ಯಾಂಟು ಮಡಚಿ ಕೆರೆಗೆ ಇಳಿದಿದ್ದರು. ಮನೆಯೊಳಗೆ ಬಂದ ಯಾವ ಸೊಪ್ಪಿಗೂ ನಮ್ಮಲ್ಲಿ ಒಂದೇ ಗತಿ: ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸುವುದು. ತಂಬುಳಿ ತಯಾರಾಗಿತ್ತು. ಚಿಕ್ಕಮ್ಮ ಮುಟ್ಟಿರಲಿಲ್ಲ.

"ಇದನ್ನು ಕುಡಿದರೆ ಎಂತ ಆಗ್ತದೆ? ಸುತ್ತಿ ಬಳಸಿ ಬೇಡ, ಸರಿಯಾಗಿ ಹೇಳು."

"ಉಪಕಾರ ಉಂಟೋ ಇಲ್ವೋ ನನಗೇ ಇನ್ನೂ ಗೊತ್ತಿಲ್ಲ ಚಿಕ್ಕಮ್ಮ. ಆದರೆ ಈ ಗಿಡ ಕೆರೆಯ ಉಪ್ಪನ್ನೆಲ್ಲ ಹೀರಿ ಇಟ್ಟುಕೊಳ್ತದೆ. ಪೊಟ್ಯಾಶಿಯಂ ವಿಷಯದಲ್ಲಿ ಇದು ಬೊಂಡದ ಅಜ್ಜ."

ಚಿಕ್ಕಪ್ಪ ಸಿಡಿದರು. "ನಿನ್ನ ರಿಸರ್ಚ್ ಮುಗಿಯುವಾಗ ಇವಳು ಇರ್ತಾಳಾ?"

ಆ ಪ್ರಶ್ನೆ ಅನ್ಯಾಯದ್ದೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಹೆಂಡತಿ ಉಳಿಯಲಿ ಎಂದು ಕೆಸರಿಗಿಳಿದ ಮನುಷ್ಯ ಅವರು. ಚಿಕ್ಕಮ್ಮನೇ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ನಡೆದು ಬಾಳೆಯ ಬುಡಕ್ಕೆ ಸುರಿದು ಬಂದರು.

"ನಾನು ಇರ್ತೇನೋ ಇಲ್ವೋ, ಅವಳು ಮುಗಿಸ್ಲಿ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕ್ಲಿಕ್ಕೆ ನಾನು ಯಾರಿಗೂ ಕಲಿಸಲಿಲ್ಲ."

ಮುಗಿಸಿದೆ. ಗಿಡ ಸೋತಿತು. ಸಾರ ಹಾಕಿದ ತಟ್ಟೆಯಲ್ಲೂ ಹಾಕದ ತಟ್ಟೆಯಲ್ಲೂ ಜೀವಕೋಶಗಳು ಒಂದೇ ರೀತಿ ಸಾಯುತ್ತಿದ್ದವು. ಮತ್ತೆ ಮತ್ತೆ ಮಾಡಿದರೂ ಅದೇ. "ಬಿಡಮ್ಮ, ಬೇರೆ ಗಿಡ ಹಿಡಿ" ಎಂದರು ನನ್ನ ಗೈಡ್. ಅದನ್ನು ಚಿಕ್ಕಮ್ಮನಿಗೆ ಹೇಳಲು ಕಾಪುವಿಗೆ ಹೋದ ದಿನ ಒಂದು ಸ್ಟಾಪ್ ಮುಂದೆ ಹೋಗಿ ಇಳಿದು ಹಿಂದಕ್ಕೆ ನಡೆದು ಬಂದೆ. ಅವರು ಕೇಳಿ, ಹೊಲಿಯುತ್ತಿದ್ದ ಬಟ್ಟೆಯಿಂದ ಸೂಜಿ ತೆಗೆದು ಬಟ್ಟೆಯನ್ನು ಮಡಚಿಟ್ಟರು. ಆಸೆ ಅವರಿಗೂ ಇತ್ತೆಂದು ನನಗೆ ಗೊತ್ತಾದದ್ದು ಆಗ.

"ಇದನ್ನು ಎಲ್ಲಿಯಾದರೂ ಪ್ರಿಂಟ್ ಮಾಡಿಸ್ತೀಯಾ?"

"ಆಗದ್ದನ್ನು ಯಾರು ಪ್ರಿಂಟ್ ಮಾಡ್ತಾರೆ ಚಿಕ್ಕಮ್ಮ?"

"ಒಳ್ಳೆ ಕಥೆ! ಆಗುವುದಿಲ್ಲ ಅಂತ ಹೇಳದಿದ್ರೆ ಇನ್ನೊಬ್ಬಳ ಗಂಡ ತಂಬುಳಿ ಮಾಡ್ತಾನೆ."

ಹಠ ಹಿಡಿದು ಬರೆದೆ. ಸಂಶೋಧನಾ ಪತ್ರಿಕೆಗಳು ಹಿಂದಕ್ಕೆ ಕಳುಹಿಸಿದವು; ತಿದ್ದಿ ಇನ್ನೊಂದಕ್ಕೆ ಕಳುಹಿಸಿದೆ. ಕೊನೆಗೆ ಒಂದು ಸಣ್ಣ ಪತ್ರಿಕೆ ಅಚ್ಚು ಹಾಕಿತು. ಆ ಹೊತ್ತಿಗೆ ಚಿಕ್ಕಮ್ಮ ಇರಲಿಲ್ಲ. ಅವರಿಗೆ ತೋರಿಸಲಾಗಲಿಲ್ಲ. ಪ್ರತಿಯನ್ನು ಚಿಕ್ಕಪ್ಪನಿಗೆ ಕೊಟ್ಟೆ. ಅವರು ತೆರೆದೂ ನೋಡದೆ ಅದನ್ನು ಹೊಲಿಗೆಯ ಮೇಜಿನ ಮೇಲಿಟ್ಟರು. ನನ್ನ ಮೇಲಿನ ಸಿಟ್ಟು ಇಳಿದಿಲ್ಲ ಎಂದುಕೊಂಡು ಬಂದೆ. ಆಮೇಲೆ ಹೆಚ್ಚು ಹೋಗಲಿಲ್ಲ.

ಚಹಾ ಕಡುವಾಗಿಯೇ ಹೋಗಿತ್ತು. ಹಾಲು ಜಾಸ್ತಿ ಹಾಕಿ ಹೊರಗೆ ತಂದೆ. ಕಲ್ಯಾಣಪುರದವರಿಗೆ ಸುತ್ತಿ ಬಳಸದೆ ಹೇಳಿದೆ: ಈ ಗಿಡದಿಂದ ಕಿಡ್ನಿಗೆ ಲಾಭವಿಲ್ಲ, ನಾನೇ ನೋಡಿದ್ದೇನೆ, ಕುಡಿಸಿದರೆ ಅಪಾಯ, ಡಯಾಲಿಸಿಸ್ ತಪ್ಪಿಸಬೇಡಿ, ಏನೇ ಇದ್ದರೂ ಡಾಕ್ಟರನ್ನು ಕೇಳಿ. ಅವರ ಮುಖ ಸಣ್ಣದಾಯಿತು.

"ಈಗಾಗಲೇ ಕುಡಿಸಿದ್ದೀರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಡಯಾಲಿಸಿಸ್ ಮಾಡುವಲ್ಲಿ ಹೊರಗಿನ ಬೆಂಚಿನಲ್ಲಿ ಒಬ್ಬರು ವಯಸ್ಸಾದವರು ಕೂತಿರ್ತಾರೆ, ಕಾಪುವಿನವರಂತೆ. ಅವರ ಕಡೆಯವರು ಯಾರೂ ಒಳಗೆ ಇಲ್ಲ, ಸುಮ್ಮನೆ ಬರುವುದು. ಯಾರ ಕೈಯಲ್ಲಿ ಸೊಪ್ಪು ಕಂಡ್ರೂ ಬಿಡುವುದಿಲ್ಲ ಮಾರಾಯ್ರೆ. 'ಕುಡಿಸುವ ಮೊದಲು ನಮ್ಮ ಹುಡುಗಿಯನ್ನು ಕೇಳಿ, ಅಳತೆ ತೆಗೆದವಳು ಅವಳೇ' ಅಂತ ನಿಮ್ಮ ಮನೆ ಗುರುತು ಹೇಳಿದ್ರು."

ನಾನು ಬಕೆಟ್ ಎತ್ತಿಕೊಂಡು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಳೆಯ ಬುಡ ತೋರಿಸಿದೆ.

ಬರುವ ಭಾನುವಾರ ಮತ್ತೆ ಕಾರ್ಕಳದ ಕೆರೆಗೆ ಹೋಗುವುದಿದೆ, ಬೇರೊಂದು ಗಿಡಕ್ಕೆ. ಹೋಗುವ ಮೊದಲು ಕಾಪುವಿಗೆ ಹೋಗಿ ಚಿಕ್ಕಪ್ಪನನ್ನು ಕರೆದುಕೊಳ್ಳುತ್ತೇನೆ. ಆ ಕೆಸರಿಗೆ ಇಳಿದು ಅವರಿಗೆ ಅಭ್ಯಾಸವಿದೆ.