ಪರರ ನಾಲಿಗೆಯ ಮೇಲೆ ಹತ್ತೊಂಬತ್ತು ವರ್ಷ

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಸಾಮಾನು ಕೋಣೆಯ ಕಿಟಕಿಯಲ್ಲಿ ಮೊದಲ ಸೂಟ್‌ಕೇಸು ಒಳಗೆ ಬರುತ್ತದೆ, ನಂಬರು ಕೊರೆದ ಹಿತ್ತಾಳೆ ಬಿಲ್ಲೆಯೊಂದು ಹೊರಗೆ ಹೋಗುತ್ತದೆ. ಅದರ ಬೆನ್ನಿಗೇ ಪ್ರಶ್ನೆ: "ಊಟ ಆಯ್ತಾ?"

ಆಗಿಲ್ಲವೆಂದರೆ ದಾರಿ ಸಿದ್ಧ. "ಎದುರಿಗೆ ಬಣ್ಣದ ದೀಪ ಹಾಕ್ಕೊಂಡು ಕರೀತಾವಲ್ಲ ಹೋಟ್ಲುಗಳು, ಅಲ್ಲಿಗೆ ಹೋಗ್ಬೇಡಿ. ಹಿಂದಿನ ಗೇಟು ದಾಟಿ, ಸೈಕಲ್ ರಿಪೇರಿಯವನ ಪಕ್ಕದ ಓಣಿ. ಬೋರ್ಡಿಲ್ಲ. ನೀಲಿ ಬಾಗಿಲು. ತಲೆ ತಗ್ಗಿಸಿ ಹೋಗಿ. ಹೊಸಬರೆಲ್ಲ ಚಚ್ಚಿಸ್ಕೊಂಡೇ ಬರ್ತಾರೆ."

ಕಿಟಕಿಯ ಹಿಂದಿನ ಈಕೆಯನ್ನು ನಿಲ್ದಾಣವೆಲ್ಲ ಕರೆಯುವುದು ಬಿಲ್ಲೆಯಕ್ಕ ಎಂದು. ವಯಸ್ಸು ಐವತ್ತೆರಡು. ಪಾಳಿ ಐದರಿಂದ ಎರಡು. ದಿನಕ್ಕೆ ನೂರಾ ನಲವತ್ತು ಸಾಮಾನು ಇಳಿಸಿ, ಏರಿಸಿ, ಬಲಗೈ ಈಗ ಭುಜದಿಂದ ಮೇಲೆ ಏಳುವುದಿಲ್ಲ. ಒಂದು ಚೀಲ ಒಳಗಿದ್ದರೂ ಕಿಟಕಿ ಬಿಟ್ಟು ಕದಲುವಂತಿಲ್ಲ ಎಂಬುದು ನಿಯಮ. ಚೀಲವಿಲ್ಲದ ಗಳಿಗೆಯನ್ನು ಆಕೆ ಕಂಡಿಲ್ಲ.

ಹೀಗಾಗಿ ಹತ್ತೊಂಬತ್ತು ವರ್ಷದಿಂದ ಊರೂರಿನವರನ್ನು ಕಳಿಸಿದ ನೀಲಿ ಬಾಗಿಲನ್ನು ಬಿಲ್ಲೆಯಕ್ಕ ಒಮ್ಮೆಯೂ ದಾಟಿಲ್ಲ. ಅಲ್ಲಿನ ಒಲೆ ಬೆಳಗಿನ ಹತ್ತಕ್ಕೇ ಆರುತ್ತದೆ. ಈಕೆಯ ವಾರದ ರಜೆಯ ದಿನವೇ ಅಲ್ಲಿಗೂ ರಜೆ. ಉಳಿದ ರಜೆಗಳನ್ನು ಮಕ್ಕಳ ಜ್ವರವೂ ಅತ್ತೆಯ ಸೊಂಟವೂ ಹಂಚಿಕೊಂಡು ತಿಂದಿವೆ.

ಹಾಗೆಂದು ರುಚಿ ಗೊತ್ತಿಲ್ಲವೆನ್ನುವಂತಿಲ್ಲ. ಎಂಟರ ಹೊತ್ತಿಗೆ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬರು ಹಣೆ ಉಜ್ಜಿಕೊಳ್ಳುತ್ತ ಮರಳುತ್ತಾರೆ.

"ಹೇಗಿತ್ತು?"

"ಚೆನ್ನಾಗಿತ್ತಮ್ಮ. ಬ್ಯಾಗ್ ಕೊಡಿ."

"ನನ್ನ ಬಿಲ್ಲೆನೂ ಚೆನ್ನಾಗಿದೆ. ಬದನೆಕಾಯಿ ಕೆಂಡದಲ್ಲಿ ಸುಟ್ಟಿದ್ರಾ? ಬೆಳ್ಳುಳ್ಳಿ ಮೊದ್ಲು ಸಿಕ್ತಾ, ಕೊನೇಲಾ?"

ಆತ ಕಣ್ಣು ಮುಚ್ಚಿ ನೆನೆಯುತ್ತಾರೆ. "ಕೊನೇಲಿ. ನೀರು ಕುಡಿದ ಮೇಲೂ ಇತ್ತು." ಬ್ಯಾಗು ಆಗ ಕೆಳಗಿಳಿಯುತ್ತದೆ.

"ಊರೋರ ಬಾಯಲ್ಲಿ ಉಣ್ಣೋಳು ಇವಳೊಬ್ಬಳೇ," ಎನ್ನುತ್ತಾರೆ ಬಡಗಿ ಕೆಲಸದ ಗಂಡ. "ಮನೇಲಿ ನಾನು ಅಡುಗೆ ಮಾಡಿಟ್ರೆ, ಹೇಗಿತ್ತು ಅಂತ ನಾನೇ ಕೇಳ್ಬೇಕು."

ನೀಲಿ ಬಾಗಿಲಿನ ಅಡುಗೆಯಾಕೆಯ ಮುಖವನ್ನೂ ಈಕೆ ನೋಡಿಲ್ಲ. ಆದರೂ ಗೆಳೆತನ ಗಟ್ಟಿ, ಅಂಚೆ ಪ್ರಯಾಣಿಕರದು. ಕಟ್ಟಿ ಕೊಡುವ ಪದ್ಧತಿ ಅಲ್ಲಿಲ್ಲ: "ಆರಿದ ಮೇಲೆ ಅದು ನನ್ನ ಅಡುಗೆ ಅಲ್ಲ." ಒಮ್ಮೆ ಮಾತ್ರ ಆ ವ್ರತ ಮುರಿದು, ಪ್ರಯಾಣಿಕನೊಬ್ಬನ ಕೈಯಲ್ಲಿ ಬಿಲ್ಲೆಯಕ್ಕನಿಗೆಂದು ಸ್ಟೀಲ್ ಡಬ್ಬಿ ಕಳಿಸಿದರು. ಅವನ ಬಸ್ಸು ಹೊರಟಿತ್ತು. ಬಿಲ್ಲೆ ಎಸೆದ, ಬ್ಯಾಗು ಕಿತ್ತುಕೊಂಡ, ಡಬ್ಬಿಸಮೇತ ಹತ್ತಿಯೇಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದಕ್ಕೆ ಇಷ್ಟು ಸಲೀಸಾದ ಉದಾಹರಣೆ ವ್ಯಾಕರಣ ಪುಸ್ತಕದಲ್ಲೂ ಸಿಗದು. "ಪುಣ್ಯಾತ್ಮ ಎಲ್ಲಿ ಕೂತು ಉಂಡನೋ," ಎಂದು ಬಿಲ್ಲೆಯಕ್ಕ ಇವತ್ತಿಗೂ ನಿಟ್ಟುಸಿರಿಡುತ್ತಾರೆ. "ಹೇಗಿತ್ತು ಅಂತಾದ್ರೂ ಹೇಳಿ ಹೋಗ್ಬಾರ್ದಿತ್ತಾ?"

ಕಳೆದ ವಾರ ಒಂದೇ ಬೆಳಗ್ಗೆ ಮೂವರು ಉಪ್ಪು ಹೆಚ್ಚೆಂದರು. ನಾಲ್ಕನೆಯವರ ಕೈಯಲ್ಲಿ ಬಿಲ್ಲೆಯಕ್ಕ ಹೇಳಿಕಳಿಸಿದರು: "ಮೈ ಹುಷಾರಿಲ್ವಾ ಕೇಳಿ." ಉತ್ತರ ಅರ್ಧ ಗಂಟೆಯಲ್ಲಿ ಬಂತು. "ಕಣ್ಣು ಮಂಜಾಗಿದೆ, ಅಳತೆ ಕಾಣಲ್ಲ. ತಿಂಗಳ ಕೊನೆಗೆ ಒಲೆ ಆರಿಸ್ತೀನಿ. ಅವಳಿಗೊಬ್ಬಳಿಗೆ ಬಡಿಸದೆ ಆರಿಸೋ ಹಾಗಾಯ್ತು ಅಂತ ಹೇಳಿ."

ಅಂದೇ ಬಿಲ್ಲೆಯಕ್ಕ ರಜೆ ಚೀಟಿ ಬರೆದರು. ಕಾರಣ: ಊಟ. ಮೇಲ್ವಿಚಾರಕರು ಎರಡು ಸಲ ಓದಿದರು. "ಏನಮ್ಮಾ, ಊಟಕ್ಕೂ ರಜೆನಾ? ಹೊಟ್ಟೆನೋವು ಅಂತ ಬರೀಬಾರ್ದಿತ್ತಾ?"

"ಸುಳ್ಳು ಬರೆದು ಉಂಡ್ರೆ ರುಚಿ ಹತ್ತುತ್ತಾ ಸಾರ್?"

ಅವರೂ ಆ ಓಣಿಯಲ್ಲಿ ತಲೆ ಚಚ್ಚಿಸಿಕೊಂಡವರೇ. ಸಹಿ ಬಿತ್ತು. ಬದಲಿಯಾಗಿ ಕಿಟಕಿಯಲ್ಲಿ ತಾವೇ ಕೂರುತ್ತಾರಂತೆ.

ಆ ರಜೆಯ ದಿನ ನಾಳೆ. ಕೊಕ್ಕೆಯಲ್ಲಿ ಏಳನೇ ಬಿಲ್ಲೆ ಇಲ್ಲ. ಅದು ಬಿಲ್ಲೆಯಕ್ಕನ ಸೆರಗಿನ ಗಂಟಿನಲ್ಲಿದೆ. ನಾಳೆ ಇದೇ ಕಿಟಕಿಯಲ್ಲಿ ಖಾಲಿ ಚೀಲವೊಂದನ್ನಿಟ್ಟು, ದೂರದಿಂದ ಬಂದವರ ಹಾಗೆ ಹಿಂದಿನ ಗೇಟು ದಾಟಬೇಕೆಂಬುದು ಆಸೆ.

"ಎಲ್ರನ್ನೂ ಕೇಳಿ ಕೇಳಿ ಸಾಕಾಯ್ತು," ಎನ್ನುತ್ತಾರೆ ಗಂಟನ್ನು ಮುಟ್ಟಿ ನೋಡಿಕೊಂಡು. "ನಾಳೆ ಯಾರನ್ನೂ ಕೇಳಲ್ಲ. ಅಡುಗೆ ಮಾಡಿದವರೆದುರು ಕೂತು, ಹೇಗಿದೆ ಅಂತ ನಾನೇ ಹೇಳ್ತೀನಿ."